ಪ್ಲಗ್ಗು ಎಳೆಯಬೇಡಿ ಅಂತ ಪರದೆ, ಎಳೆ ಅಂತ ಅಮ್ಮ

ನಮಸ್ಕಾರ. ಇವತ್ತು ಸ್ವಲ್ಪ ಮಂಡೆಬಿಸಿಯಲ್ಲಿ ಮಾತಾಡ್ತಾ ಇದ್ದೇನೆ, ಸ್ವರ ಏರಿದರೆ ಬೇಜಾರು ಮಾಡ್ಬೇಡಿ.

ತುಲಾ ತಿಂಗಳು. ಊಟ ಆಗಿ ಮೂರು ಗಂಟೆ ಹೊತ್ತು. ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ಒಳಗೆ, ಎರಡು ಗುಡ್ಡದ ನಡುವೆ ತೋಟ, ತೋಟದ ತಲೆಗೆ ಮನೆ. ಊರಿನ ತಾಳಮದ್ದಳೆಗೆ ನೋಟೀಸು ತಯಾರು ಮಾಡಿ ಕೊಡುವ ಕೆಲಸ ಎಷ್ಟೋ ವರ್ಷದಿಂದ ನನ್ನ ತಲೆಗೆ ಬಿದ್ದಿದೆ. ಯಾಕೆ ಅಂದರೆ ಕನ್ನಡ ಟೈಪ್ ಮಾಡ್ಲಿಕ್ಕೆ ಬರುವ, ಮನೆಯಲ್ಲಿ ಕಂಪ್ಯೂಟರ್ ಇರುವ, "ಆಗುದಿಲ್ಲ" ಅಂತ ಹೇಳ್ಲಿಕ್ಕೆ ಬಾರದ ಜನ ನಮ್ಮ ವಾರ್ಡಿನಲ್ಲಿ ನಾನೊಬ್ಬನೇ. ಐದು ಗಂಟೆಯ ಒಳಗೆ ಬದಿಯಡ್ಕದ ಪ್ರೆಸ್ಸಿಗೆ ಫೈಲು ಮುಟ್ಟಬೇಕು. ಅರ್ಥಧಾರಿಗಳ ಹೆಸರೆಲ್ಲ ಹಾಕಿ ಆಗಿದೆ. ಯಾರ ಹೆಸರು ಮೇಲೆ, ಯಾರದ್ದು ಕೆಳಗೆ ಅನ್ನುವ ಯುದ್ಧವೂ ಮುಗಿದಿದೆ. ಪಿಡಿಎಫ್ ಮಾಡಿ ಕಳಿಸುವುದು ಒಂದೇ ಬಾಕಿ.

ಒಂದು ಗ್ಲಾಸು ಚಾ ತರುವ ಅಂತ ಒಳಗೆ ಹೋದೆ. ಬಂದು ನೋಡಿದರೆ ನನ್ನ ನೋಟೀಸು ಇಲ್ಲ, ಬರೀ ನೀಲಿ ಪರದೆ. ನಡುವೆ ಬಿಳಿ ಚುಕ್ಕಿಗಳು ದೇವಸ್ಥಾನಕ್ಕೆ ಸುತ್ತು ಬಂದ ಹಾಗೆ ಸುತ್ತು ಬರ್ತಾ ಇವೆ. ಅಪ್‌ಡೇಟ್ ಆಗ್ತಾ ಉಂಟಂತೆ. ಶೇಕಡಾ 27. ಕಂಪ್ಯೂಟರ್ ಆಫ್ ಮಾಡಬೇಡಿ.

ಯಾವ ಕಂಪನಿಯದ್ದು ಅಂತ ನಾನು ಹೇಳುದಿಲ್ಲ. ಹೇಳಿದರೆ ಅದು ಚಂದ, ಇದು ಚಂದ ಅಂತ ನಿಮ್ಮೊಳಗೇ ಪೆಟ್ಟಾಗ್ತದೆ.

ಸರಿ, ಕಾಯುವ ಅಂತ ಕೂತೆ. 30 ಆಯಿತು. ಅಷ್ಟರಲ್ಲಿ ಪೂರ್ವದ ಗುಡ್ಡದ ಆಚೆಯಿಂದ ಒಂದು ಸದ್ದು. ಗುಡುಗು. ತುಲಾ ತಿಂಗಳ ಗುಡುಗು ಎಂತದ್ದು ಅಂತ ಕಾಸರಗೋಡಿನವರಿಗೆ ಹೇಳ್ಬೇಕಾಗಿಲ್ಲ, ಉಳಿದವರಿಗೆ ಹೇಳ್ತೇನೆ. ಜೂನಿನ ಮಳೆ ನೆನೆಸಿ ಬಿಡ್ತದೆ, ಅಕ್ಟೋಬರಿನದ್ದು ಹೆದರಿಸಿ ಬಿಡ್ತದೆ. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಮೇಲೆ ಪೂರ್ವದಲ್ಲಿ ಕಪ್ಪು ಕಟ್ತದೆ, ಸಂಜೆಗೆ ಸಿಡಿಲು ತೆಂಗಿನ ಮರದ ತಲೆ ಹುಡುಕಿಕೊಂಡು ಬರ್ತದೆ. ಮೊದಲ ಗುಡುಗಿಗೇ ಟಿವಿ, ಫ್ರಿಜ್ಜು, ಮೋಡೆಮ್ಮು ಎಲ್ಲದರ ಪ್ಲಗ್ಗು ಎಳೆಯುವುದು ನಮ್ಮ ಕಡೆ ಸಂಧ್ಯಾವಂದನೆಗಿಂತ ಕಟ್ಟುನಿಟ್ಟು. ಒಮ್ಮೆ ಎಳೀಲಿಕ್ಕೆ ಮರೆತು, ಮೋಡೆಮ್ಮೂ ಹೋಗಿ, ಅದರ ವಯರಿನಲ್ಲೇ ಬಂದು ಕಂಪ್ಯೂಟರಿನ ಬೋರ್ಡೂ ಹೋಗಿ, ಕೋಣೆಯಲ್ಲಿ ಮೂರು ದಿನ ಸುಟ್ಟ ವಾಸನೆ ಇತ್ತು. ಅಮ್ಮನಿಗೆ ಅದು ಮರೆತಿಲ್ಲ.

ಅಡುಗೆ ಕೋಣೆಯಿಂದ ಅಮ್ಮ ಬೊಬ್ಬೆ ಹಾಕಿದರು. "ಪ್ಲಗ್ಗು ಎಳೆ!"

"ಅಮ್ಮಾ, ಈಗ ಎಳೆದರೆ ಹಾಳಾಗ್ತದೆ."

"ಎಳೆಯದಿದ್ದರೆ ಸುಟ್ಟು ಹೋಗ್ತದೆ."

ಇದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ ಮಾರಾಯ್ರೇ. ಆ ಪರದೆ ಮಾಡಿದವನ ಹತ್ತಿರವೂ ಇಲ್ಲ. ಅವನಿಗೆ ಗೊತ್ತಿರುವ ಊರಿನಲ್ಲಿ ಗುಡುಗಿಗೆ ಯಾರೂ ಪ್ಲಗ್ಗು ಎಳೆಯುವುದಿಲ್ಲವೋ ಏನೋ. ಶೇಕಡಾ 41ಕ್ಕೆ ಬರುವಾಗ ಎರಡನೇ ಗುಡುಗು, ಹಂಚು ನಡುಗಿತು. ಅಮ್ಮ ಸೆರಗಿಗೆ ಕೈ ಒರಸಿಕೊಂಡು ಬಂದು, ನನ್ನ ಮುಖವನ್ನೂ ನೋಡದೆ, ಮೈನ್ ಸ್ವಿಚ್ಚನ್ನೇ ಕೆಳಗೆ ಹಾಕಿದರು. ಚುಕ್ಕಿಗಳ ಪ್ರದಕ್ಷಿಣೆ ಅರ್ಧಕ್ಕೆ ನಿಂತಿತು.

ನೋಟೀಸಿನ ಗತಿ ಏನಾಯಿತು ಅಂತ ಮತ್ತೆ ಹೇಳ್ತೇನೆ.

ಈಗ ನನ್ನ ತಕರಾರು. ಅಪ್‌ಡೇಟೇ ಬೇಡ ಅನ್ನುವ ಪಕ್ಷದವ ನಾನಲ್ಲ. 2017ರ ಮೇ 12ಕ್ಕೆ ವನ್ನಾಕ್ರೈ ಅಂತ ಒಂದು ಮಾರಿ ಬಂತು, ನೆನಪುಂಟಾ? ಫೈಲುಗಳಿಗೆಲ್ಲ ಬೀಗ ಹಾಕಿ, ಬಿಟ್‌ಕಾಯಿನ್‌ನಲ್ಲಿ ದುಡ್ಡು ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಿದವು. ನಮ್ಮ ಕೇರಳದಲ್ಲೇ, ವಯನಾಡಿನ ಒಂದು ಪಂಚಾಯತ್ ಕಚೇರಿಯ ಕಂಪ್ಯೂಟರುಗಳಿಗೂ ಬಡಿಯಿತು. ವಿಷಯ ಎಂತ ಅಂದರೆ, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಪ್ಯಾಚು ಬಿಟ್ಟಿತ್ತು. ಎರಡು ತಿಂಗಳು ಮೊದಲು! ಹಾಕಿಕೊಂಡವರು ಬಚಾವ್. ನಾಳೆ ಮಾಡುವ ಅಂತ ಕೂತವರು ಹೋದರು.

ಅಡಿಕೆ ಕೃಷಿಕನಿಗೆ ಇದು ಹೊಸ ಪಾಠ ಅಲ್ಲ. ಕೊಳೆರೋಗಕ್ಕೆ ಮದ್ದು ಬಿಡುವುದು ಮಳೆ ಹಿಡಿಯುವ ಮೊದಲು. ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮತ್ತೆ 40, 45 ದಿನ ಬಿಟ್ಟು ಇನ್ನೊಮ್ಮೆ. ತಪ್ಪಿಸಿದರೆ ಆಗಸ್ಟಿನಲ್ಲಿ ಎಳೆ ಅಡಿಕೆ ಬುಡದಲ್ಲಿ ಚಾಪೆ ಹಾಸಿದ ಹಾಗೆ ಬಿದ್ದಿರ್ತದೆ. ಹಾಗಾಗಿ ಮದ್ದು ಬೇಡ ಅಂತ ನಾನು ಹೇಳುದಿಲ್ಲ. ಕಂಪ್ಯೂಟರಿಗೂ ಬೇಕು.

ಆದರೆ ಮದ್ದು ಬಿಡ್ಲಿಕ್ಕೆ ಬರುವವನು ಹೇಗೆ ಬರ್ತಾನೆ ಹೇಳಿ? ಮೊದಲಿನ ದಿನ ಫೋನ್ ಮಾಡ್ತಾನೆ. ಬೆಳಿಗ್ಗೆ ಬಂದು ಆಕಾಶ ನೋಡ್ತಾನೆ. ಮೋಡ ಕಂಡರೆ "ಇವತ್ತು ಬೇಡ ಅಣ್ಣಾ, ಬಿಟ್ಟದ್ದೆಲ್ಲ ತೊಳೆದು ಹೋಗ್ತದೆ" ಅಂತ ಅವನೇ ಹೇಳ್ತಾನೆ. ಮರ ಹತ್ತಿ, ಗೊನೆಗೆ ಬಿಟ್ಟು, ಇಳಿದು, ಚಾ ಕುಡಿದು, ಸಂಬಳ ತೆಗೆದುಕೊಂಡು ಹೋಗ್ತಾನೆ. ಹೋಗುವಾಗ ನಮ್ಮ ಬಾವಿಕಟ್ಟೆಯನ್ನು ಅಂಗಳದ ಈಚೆಗೆ ಸರಿಸಿ ಹೋಗುದಿಲ್ಲ. ದೇವರ ಕೋಣೆಯ ಬಾಗಿಲಿಗೆ ಹೊಸ ಬಣ್ಣ ಬಳಿದು "ನಿಮ್ಮ ಅನುಭವ ಈಗ ಇನ್ನೂ ಉತ್ತಮ" ಅಂತ ಚೀಟಿ ಅಂಟಿಸುದಿಲ್ಲ.

ನನ್ನ ಸಿಟ್ಟು ಇಷ್ಟಕ್ಕೇ. ಮದ್ದಿನ ಜೊತೆ ಬಾವಿಕಟ್ಟೆ ಸರಿಸುವ ಕೆಲಸವನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡ್ತಾರಲ್ಲ, ಬೇಕಾದದ್ದು ಬೇಕಾದರೆ ಬೇಡದ್ದನ್ನೂ ನುಂಗು ಅನ್ನುವ ಹಾಗೆ, ಅದು. ಕಳೆದ ವರ್ಷ ಒಂದು ಅಪ್‌ಡೇಟ್ ಆಗಿ ಎದ್ದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡೇ ಮಾಯ. ಸ್ಪೇಸ್ ಬಾರ್ ಒತ್ತಿ ಒತ್ತಿ ಹುಡುಕಿದೆ. ಇಂಗ್ಲಿಷ್, ಮತ್ತೆ ಇನ್ನೊಂದು ಇಂಗ್ಲಿಷ್. ಅದರ ಬದಲಿಗೆ ಪರದೆಯ ಮೂಲೆಯಲ್ಲಿ ನಾನು ಕೇಳದ ಒಂದು ಸುದ್ದಿಪೆಟ್ಟಿಗೆ ಬಂದು ಕೂತಿದೆ, ಹವಾಮಾನ, ಚಿನ್ನದ ರೇಟು, ಸಿನಿಮಾದವರ ಮದುವೆ, ಎಲ್ಲ ಮಲಯಾಳದಲ್ಲಿ. ನನಗೆ ಮಲಯಾಳ ಓದ್ಲಿಕ್ಕೆ ಬರ್ತದೆ, ಮನೆಗೆ ಮಲಯಾಳ ಪೇಪರೂ ಬರ್ತದೆ. ಜಗಳ ಭಾಷೆಯ ಜೊತೆ ಅಲ್ಲ. ಈ ಮನುಷ್ಯ ಇರುವುದು ಕೇರಳದಲ್ಲಿ, ಹಾಗಾದರೆ ಇವನಿಗೆ ಇಷ್ಟು ಸಾಕು ಅಂತ ಯಾವುದೋ ಯಂತ್ರ ರಾತ್ರಿಯಲ್ಲಿ ತೀರ್ಮಾನ ಮಾಡಿತಲ್ಲ, ಅದಕ್ಕೆ.

ನಮಗೆ ಇದು ಹೊಸತಲ್ಲ ಬಿಡಿ. 1956ರ ಅಕ್ಟೋಬರ್ 31ರ ರಾತ್ರಿ ನನ್ನ ಅಜ್ಜ ಮಲಗಿದ್ದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಬೆಳಿಗ್ಗೆ ಎದ್ದದ್ದು ಕೇರಳದಲ್ಲಿ. ಅದೇ ಚಾಪೆ, ಅದೇ ಹಟ್ಟಿ, ಅದೇ ದನ. ಭಾಷೆಯ ಸೆಟ್ಟಿಂಗ್ ಮಾತ್ರ ಬದಲು. ಅದನ್ನು ಹಿಂದಕ್ಕೆ ತರುವ ಬಟನ್ ಹುಡುಕುತ್ತಾ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದರು. 1967ರಲ್ಲಿ, ಗಡಿ ಜಗಳ ತೀರಿಸ್ಲಿಕ್ಕೆ ಕೂತ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು. ಆ ಅಪ್‌ಡೇಟ್ ಮಾತ್ರ ಇವತ್ತಿನವರೆಗೆ ಇನ್‌ಸ್ಟಾಲ್ ಆಗಲಿಲ್ಲ. ಇದು ತಮಾಷೆಗೆ ಹೇಳಿದ್ದು, ಪೂರ್ತಿ ತಮಾಷೆಯೂ ಅಲ್ಲ.

ಇನ್ನು ಎಷ್ಟು ಸಲ ಅಪ್‌ಡೇಟ್ ಮಾಡುದು ಅಂತ? ವಿಂಡೋಸಿಗೆ ತಿಂಗಳಿಗೊಮ್ಮೆ, ಎರಡನೇ ಮಂಗಳವಾರ. 2003ರಿಂದ ಅದೇ ಕ್ರಮ. ಅಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆ, ನಮಗೆ ರಾತ್ರಿ ಹತ್ತೂವರೆ ಇಲ್ಲವೇ ಹನ್ನೊಂದೂವರೆ. ಅಂದರೆ ಅವರ ಮಂಗಳವಾರದ ಔಷಧಿ ನಮಗೆ ಬುಧವಾರದ ಕಷಾಯ. ಕ್ರೋಮ್ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಅಂತ 2021ರಲ್ಲಿ ಸುರು ಮಾಡಿತು, ಅದಕ್ಕೆ ಮೊದಲು ಆರು ವಾರಕ್ಕೊಂದು ಇತ್ತು. ನನ್ನ ಮಗಳು ಕನ್ನಡ ಮಾಧ್ಯಮ ಶಾಲೆಗೆ ಹೋಗುವುದು, ಅಲ್ಲಿ ವಿಂಡೋಸ್ ಅಲ್ಲ, ಕೇರಳ ಸರ್ಕಾರದ ಕೈಟ್ ಸಂಸ್ಥೆಯವರು ಕೊಟ್ಟ ಉಬುಂಟು ಆಧಾರದ ವ್ಯವಸ್ಥೆ. "ಅಪ್ಪ, ನಮ್ಮ ಶಾಲೆಯದ್ದು ಹೀಗೆ ಹಠ ಮಾಡುದಿಲ್ಲ" ಅಂತಾಳೆ. ಅವಳ ಹೆಮ್ಮೆಗೆ ನಾನು ನೀರು ಹಾಕ್ಲಿಕ್ಕೆ ಹೋಗಲಿಲ್ಲ. ಉಬುಂಟುವಿನಲ್ಲೂ ಆ್ಯಪ್ ಹಾಕುವ ಸ್ನ್ಯಾಪ್ ಅಂತ ಒಂದುಂಟು, ಹೊಸತು ಬಂದಿದೆಯಾ ಅಂತ ದಿನಕ್ಕೆ ನಾಲ್ಕು ಸಲ ಇಣುಕಿ ನೋಡ್ತದೆ. ನಮ್ಮ ಮನೆಯ ಬೆಕ್ಕು ಕೂಡ ಮೀನಿನ ಪಾತ್ರೆಗೆ ಅಷ್ಟು ಸಲ ಇಣುಕುದಿಲ್ಲ.

ಪಟ್ಟಣದವರಿಗೆ ಇದು ಗೊತ್ತಾಗುದಿಲ್ಲ, ಫೈಬರ್ ಉಂಟು, ರಾತ್ರಿಯಲ್ಲಿ ಬಂದು ಹೋಗ್ತದೆ. ನಮ್ಮಲ್ಲಿ ಮೋಡೆಮ್ಮು ಸುಟ್ಟ ಮೇಲೆ ಫೋನಿನ ನೆಟ್ಟೇ ಗತಿ. ದಿನಕ್ಕೆ ಒಂದೂವರೆ ಜಿಬಿ, ರೇಂಜು ಸಿಗುವುದು ಪಡಸಾಲೆಯ ಎಡಗಡೆ ಕಿಟಕಿಯಲ್ಲಿ ಮಾತ್ರ. ಫೋನನ್ನು ಅಲ್ಲಿ ಸರಳಿಗೆ ಕಟ್ಟಿ ಇಡಬೇಕು. ಅಪ್‌ಡೇಟ್ ಒಂದು ಸುರುವಾದರೆ ಅಮ್ಮನ ದೇವರನಾಮ, ಮಗಳ ಪಾಠ, ನನ್ನ ಅಡಿಕೆ ರೇಟು, ಎಲ್ಲ ಹನ್ನೊಂದು ಗಂಟೆಗೇ ಖಾಲಿ.

ಒಳ್ಳೆಯದಕ್ಕೇ ಮಾಡುದು ಅಂತಾರೆ. ಆಗಲಿ. ಆದರೆ ಮಾಡುವವರ ಕೈ ತಪ್ಪುದಿಲ್ಲವಾ? 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂದು ಕೆಲವರ ಡಾಕ್ಯುಮೆಂಟು, ಫೋಟೋಗಳನ್ನೇ ಅಳಿಸಿ ಹಾಕಿತು, ಕಂಪನಿಯವರು ಅದನ್ನು ತಡೆದು ನಿಲ್ಲಿಸಬೇಕಾಯಿತು. 2024ರ ಜುಲೈ 19ಕ್ಕಂತೂ ಕೇಳುವುದೇ ಬೇಡ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯ ಒಂದೇ ಒಂದು ತಪ್ಪು ಅಪ್‌ಡೇಟು, 85 ಲಕ್ಷ ಕಂಪ್ಯೂಟರು ಮಕಾಡೆ. ಕಳ್ಳ ಬಂದದ್ದಲ್ಲ, ಕಾವಲಿನವನೇ ಬಾಗಿಲು ಮುರಿದದ್ದು! ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಆ ಫೋಟೋ ನೋಡಿ ಅಮ್ಮ ಹೇಳಿದ್ದು ಒಂದೇ ಮಾತು, "ಅಕ್ಷರ ಒಳ್ಳೆದುಂಟು."

ಕೊನೆಗೆ ಇನ್ನೊಂದು ಪೆಟ್ಟು ಉಂಟು, ಅಪ್‌ಡೇಟನ್ನೇ ನಿಲ್ಲಿಸುವುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹತ್ತು ವರ್ಷ ಬೆನ್ನು ಬಿಡದೆ ಹಾಕಿಕೋ ಹಾಕಿಕೋ ಅಂದವರು ಒಂದು ದಿನ ಇನ್ನು ಕೊಡುದಿಲ್ಲ ಅಂದರು. ಮತ್ತೆ ಒಂದು ವರ್ಷದ ಮಟ್ಟಿಗೆ ಭದ್ರತೆಯ ಪ್ಯಾಚು ಮಾತ್ರ ಸಿಗುವ ದಾರಿ ಕೊಟ್ಟರು, ಅದಕ್ಕೆ ಹೆಸರು ನೋಂದಾಯಿಸಬೇಕಿತ್ತು. ವಿಂಡೋಸ್ 11ಕ್ಕೆ ಹೋಗುವ ಅಂದರೆ ಒಳಗೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರಿನದ್ದಾದರೂ ಆಗಬೇಕು. ಸೋದರಮಾವನ ಹಳೆಯ ಕಂಪ್ಯೂಟರಿನಲ್ಲಿ ಅದಿಲ್ಲ. ಅವರು ಅದರಲ್ಲಿ ಮಾಡುವುದು ಅಡಿಕೆ ಲೆಕ್ಕ ಬರೆಯುವುದು, ಹಳೆಯ ತಾಳಮದ್ದಳೆ ಕೇಳುವುದು. ಯಂತ್ರ ಗಟ್ಟಿಮುಟ್ಟಾಗಿದೆ. ನಾನು ಅದರ ನೆಟ್ಟು ತೆಗೆದು ಕೊಟ್ಟೆ. ಈಗ ಇಡೀ ಕುಟುಂಬದಲ್ಲಿ ಅಪ್‌ಡೇಟಿನ ಪಿರಿಪಿರಿ ಇಲ್ಲದೆ ಕಂಪ್ಯೂಟರ್ ಮುಟ್ಟುವ ಏಕೈಕ ಮನುಷ್ಯ ಅವರು.

ಹಾಗಾದರೆ ಎಂತ ಮಾಡುದು ಅಂತ ಕೇಳಿದರೆ, ವಿಂಡೋಸ್ ಇರುವವರು ಸೆಟ್ಟಿಂಗಿಗೆ ಹೋಗಿ 35 ದಿನದವರೆಗೆ ಅಪ್‌ಡೇಟ್ ತಡೆದು ಇಡಬಹುದು. ಫೋನಿನ ನೆಟ್ಟು ಬಳಸುವವರು ಅದನ್ನು ಮೀಟರ್ಡ್ ಕನೆಕ್ಷನ್, ಅಂದರೆ ಲೆಕ್ಕದ ನೆಟ್ಟು ಅಂತ ಗುರುತು ಮಾಡಿದರೆ ಜಿಬಿ ಸ್ವಲ್ಪ ಉಳೀತದೆ. ಹಾಗಂತ ತಡೆದು ಮರೆತು ಬಿಡಬೇಡಿ, ಕೊಳೆರೋಗ ನೆನಪಿರಲಿ. ನಾನು ತಿಂಗಳಿಗೊಂದು ಬೆಳಿಗ್ಗೆ ಇಟ್ಟುಕೊಂಡಿದ್ದೇನೆ, ಆಕಾಶ ಸ್ವಚ್ಛ ಇರುವ ದಿನ ನೋಡಿ.

ನೋಟೀಸಿನ ವಿಷಯ. ಆ ದಿನ ಗುಡುಗು ನಿಲ್ಲುವಾಗ ನಾಲ್ಕೂ ಮುಕ್ಕಾಲು. ಸ್ವಿಚ್ಚು ಹಾಕಿದರೆ ಬದಲಾವಣೆಗಳನ್ನು ಹಿಂದೆ ತೆಗೀತಾ ಇದ್ದೇವೆ ಅಂತ ಬಂತು, ಮತ್ತೆ ಅದೇ ಚುಕ್ಕಿ, ಅದೇ ಪ್ರದಕ್ಷಿಣೆ. ನಾನು ಮಗಳ ಕಾಪಿ ಪುಸ್ತಕದಿಂದ ಒಂದು ಹಾಳೆ ಹರಿದು, ಇಡೀ ನೋಟೀಸನ್ನು ಕೈಯಲ್ಲಿ ಬರೆದೆ. ಎಡಗಡೆ ಕಿಟಕಿಗೆ ಹೋಗಿ, ಫೋಟೋ ಹೊಡೆದು, ಪ್ರೆಸ್ಸಿಗೆ ವಾಟ್ಸಾಪ್ ಮಾಡಿದೆ. ಪಾಪ, ಅವರು ರಾತ್ರಿ ಕೂತು ಟೈಪ್ ಮಾಡಿ ಅಚ್ಚು ಹಾಕಿದರು. ಹೆಸರುಗಳೆಲ್ಲ ಸರಿ, ಮೇಲೆ ಕೆಳಗೆ ಯುದ್ಧವೂ ಆಗಲಿಲ್ಲ. ನನ್ನ ಅಕ್ಷರ ಮಾತ್ರ ಅಷ್ಟಕ್ಕಷ್ಟೆ, ಕನ್ನಡದ ೬ ಬರೆದದ್ದು ಅವರ ಕಣ್ಣಿಗೆ ೯ ಆಗಿ ಕಂಡಿದೆ. ಐನೂರು ನೋಟೀಸು ಊರೆಲ್ಲ ಹಂಚಿ ಆದ ಮೇಲೆ ಮೊದಲ ಫೋನು ಬಂತು.

"ಅಲ್ಲ ಭಾವ, ಸಂಜೆ ಒಂಬತ್ತು ಗಂಟೆ ಅಂದರೆ ಎಷ್ಟು ಹೊತ್ತಿಗೆ ಬರಬೇಕು?"