ಸ್ವೆಟರ್ ಹೊತ್ತು ದ್ವೀಪಕ್ಕೆ ಹೋದವರು

ಸಭಾಪಾಲಕರೇ, ಸ್ತ್ರೀ ಸಂಘದ ಅಕ್ಕಂದಿರೇ, ಯುವಜನ ಸಂಘದ ಮಕ್ಕಳೇ,

ನನಗೆ ಇಪ್ಪತ್ತೈದು ನಿಮಿಷ ಕೊಟ್ಟಿದ್ದಾರೆ. ಆಮೇಲೆ ಚಹಾ, ಗೋಳಿಬಜೆ. ಹಿಂದಿನ ಕೋಣೆಯಿಂದ ವಾಸನೆ ಈಗಲೇ ಬರ್ತಾ ಇದೆ. ನನ್ನ ಕಷ್ಟ ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

‘ಸೇವೆ ಮತ್ತು ಸಾಕ್ಷಿ’ ಅಂತ ವಿಷಯ ಕೊಟ್ಟಿದ್ದರು. ನಾಲ್ಕು ಪಾಯಿಂಟ್ ಬರೆದುಕೊಂಡು ಬಂದಿದ್ದೆ, ಕಾಗದ ಇಲ್ಲೇ ಇದೆ. ಆದರೆ ಬರುವಾಗ ಹೊರಗಿನ ನೋಟಿಸ್ ಬೋರ್ಡ್ ನೋಡಿದೆ. ‘ಅಂಡಮಾನ್ ಮಿಷನ್ ಟ್ರಿಪ್. ಹಳೇ ಬಟ್ಟೆ 14 ಚೀಲ. ಬೈಬಲ್ ಚಿತ್ರಕಥೆ ಪುಸ್ತಕ 200. ಗೊಂಬೆಯಾಟದ ಸೆಟ್ 1.’ ಕಾರ್ಯದರ್ಶಿಯನ್ನು ಕರೆದು ಕೇಳಿದೆ, ಈ ಪಟ್ಟಿ ಯಾರು ಮಾಡಿದ್ದು ಅಂತ. ಕಮಿಟಿ ಅಂದ. ಅಲ್ಲಿಯವರನ್ನು ಕೇಳಿದ್ರಾ ಅಂದೆ. ‘ಇಲ್ಲ ಅಂಕಲ್, ಸರ್ಪ್ರೈಸ್’ ಅಂದ.

ನಾಲ್ಕು ಪಾಯಿಂಟ್ ಅಲ್ಲಿಗೇ ಮುಗಿಯಿತು. ಯಾಕೆಂದರೆ ಆ ಸರ್ಪ್ರೈಸನ್ನು ನಾವು 2005ರಲ್ಲೇ ಕೊಟ್ಟು ಬಂದಿದ್ದೇವೆ.

2004ರ ಡಿಸೆಂಬರ್ 26 ನಿಮ್ಮಲ್ಲಿ ಹೆಚ್ಚಿನವರಿಗೆ ನೆನಪಿರಲಿಕ್ಕಿಲ್ಲ. ಕೆಲವರು ಹುಟ್ಟಿಯೇ ಇರಲಿಲ್ಲ. ಕ್ರಿಸ್ಮಸ್ ಮಾರನೇ ದಿನ, ಭಾನುವಾರ ಬೆಳಗ್ಗೆ ಸುನಾಮಿ ಬಂತು. ಅಂಡಮಾನ್ ನಿಕೋಬಾರಿನಲ್ಲಿ ಸತ್ತವರು, ಕಾಣೆಯಾದವರು ಸೇರಿ ಸರ್ಕಾರದ ಲೆಕ್ಕದಲ್ಲೇ ಮೂರೂವರೆ ಸಾವಿರದಷ್ಟು ಜನ. ಕಾರ್ ನಿಕೋಬಾರ್ ಅಂದರೆ ಚಪಾತಿ ಹಾಗೆ ಚಪ್ಪಟೆ ದ್ವೀಪ, ಹತ್ತಿ ನಿಲ್ಲಲು ಒಂದು ಒಳ್ಳೆ ಗುಡ್ಡ ಇಲ್ಲ. ರಾತ್ರಿ ಹಬ್ಬದ ಊಟ ಮಾಡಿ ಮಲಗಿದ ಊರುಗಳು ಬೆಳಗ್ಗೆ ಇರಲಿಲ್ಲ.

ನಮ್ಮ ಯೂತಿಗೆ ಸುಮ್ಮನೆ ಕೂರಲು ಆಗಲಿಲ್ಲ. ಅದು ಒಳ್ಳೆಯದೇ, ಅದನ್ನು ನಾನು ಹೀಗಳೆಯುವುದಿಲ್ಲ. ಮೇ ತಿಂಗಳಲ್ಲಿ ಹನ್ನೊಂದು ಜನ ಹೊರಟೆವು. ಕಾರ್ ನಿಕೋಬಾರಿಗೆ ಹೋಗಲು ಪಾಸ್ ಬೇಕು, ಅದು ಸಿಗಲಿಲ್ಲ. ಲಿಟ್ಲ್ ಅಂಡಮಾನಿನ ಹಟ್ ಬೇಗೆ ಹೋಗಬಹುದು ಅಂದರು. ಅಲ್ಲೂ ನಿಕೋಬಾರಿಗಳು ಇದ್ದಾರೆ, ಎಪ್ಪತ್ತರ ದಶಕದಲ್ಲಿ ಕಾರ್ ನಿಕೋಬಾರಿನಿಂದ ಬಂದು ನೆಲೆಸಿದವರು. ಸರಿ, ಅಲ್ಲಿಗೇ ಅಂತಾಯಿತು.

ಏನು ತಗೊಂಡು ಹೋಗುವುದು? ಬಟ್ಟೆ! ಬಟ್ಟೆ ಅಂದರೆ ಎಲ್ಲರ ಮನೆಯಲ್ಲೂ ಇರುತ್ತದೆ, ಕೊಟ್ಟರೆ ಕಪಾಟೂ ಖಾಲಿಯಾಗುತ್ತದೆ, ಪುಣ್ಯವೂ ಬರುತ್ತದೆ. ನಮ್ಮಲ್ಲೊಬ್ಬನಿಗೆ ಮಡಿಕೇರಿ ಕಡೆ ಸಂಪರ್ಕ ಇತ್ತು. ಒಂದು ಹಾಸ್ಟೆಲ್ ಶಾಲೆಯವರು ಮಕ್ಕಳ ಹಳೇ ಸ್ವೆಟರ್ ಕೊಟ್ಟರು. ಮರೂನ್ ಬಣ್ಣ, ದಪ್ಪ ಉಣ್ಣೆ. ಎರಡು ಗೋಣಿ ತುಂಬ. ಭೂಮಧ್ಯರೇಖೆಯ ಹತ್ತಿರದ ದ್ವೀಪಕ್ಕೆ, ಮೇ ತಿಂಗಳಲ್ಲಿ, ಸ್ವೆಟರ್! ಹನ್ನೊಂದು ಜನರಲ್ಲಿ ನಾಲ್ವರು ಪದವೀಧರರು, ಒಬ್ಬ ಭೂಗೋಳದ ಮೇಷ್ಟ್ರು. ಆ ಮೇಷ್ಟ್ರು ನಾನೇ.

ಚೆನ್ನೈಯಿಂದ ಹಡಗು, ಬಂಕ್ ಕ್ಲಾಸ್. ಪೋರ್ಟ್ ಬ್ಲೇರ್ ತಲುಪಲು ಮೂರು ದಿನ. ಆ ಮೂರು ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವು ಈಗ ಗೋಳಿಬಜೆ ತಿನ್ನಬೇಕು. ಅಲ್ಲಿಂದ ಇನ್ನೊಂದು ಹಡಗು, ಮತ್ತೊಂದು ರಾತ್ರಿ. ಹಟ್ ಬೇಯಲ್ಲಿ ಇಳಿದಾಗ ಸಾಲು ಸಾಲು ತಗಡಿನ ಶೆಡ್. ಗೋಡೆಯೂ ತಗಡು, ಮಾಡೂ ತಗಡು. ಮಧ್ಯಾಹ್ನ ಒಳಗೆ ಕಾಲಿಟ್ಟರೆ ಬೇಕರಿ ಒಲೆ. ಆ ಜನ ತಲೆತಲಾಂತರದಿಂದ ಕಂಬದ ಮೇಲೆ ಮನೆ ಕಟ್ಟಿ, ದಪ್ಪಕ್ಕೆ ಹುಲ್ಲು ಹೊದಿಸಿ, ಕೆಳಗಿನಿಂದ ಗಾಳಿ ಬರುವ ಹಾಗೆ ಇದ್ದವರು. ಅವರಿಗೆ ತಗಡು ಕೊಟ್ಟಿದ್ದರು. ಅವರನ್ನೂ ಯಾರೂ ಕೇಳಿರಲಿಲ್ಲ, ಅಲ್ವಾ?

‘ಕ್ಯಾಪ್ಟನ್ ಬರ್ತಾರೆ, ಕೂತಿರಿ’ ಅಂದರು. ನಾವು ಹಡಗಿನ ಕ್ಯಾಪ್ಟನ್ ಅಂದುಕೊಂಡು ಟಿಕೆಟ್ ತೆಗೆದು ಕೈಯಲ್ಲಿ ಹಿಡಿದು ಕೂತೆವು. ನಿಕೋಬಾರಿಗಳಲ್ಲಿ ಊರಿನ ಮುಖ್ಯಸ್ಥನಿಗೆ ಕ್ಯಾಪ್ಟನ್ ಅನ್ನುತ್ತಾರೆ. ಫಸ್ಟ್ ಕ್ಯಾಪ್ಟನ್, ಸೆಕೆಂಡ್ ಕ್ಯಾಪ್ಟನ್ ಅಂತೆಲ್ಲ ಇದ್ದಾರೆ. ಅರವತ್ತು ದಾಟಿದ, ಗಿಡ್ಡ, ಗಟ್ಟಿಮುಟ್ಟಾದ ಮನುಷ್ಯ. ಟಿಕೆಟ್ ನೋಡಿದರು. ಏನೂ ಹೇಳದೆ ವಾಪಸ್ ಕೊಟ್ಟರು.

ಸಂಜೆ ನಮ್ಮ ಕಾರ್ಯಕ್ರಮ. ಅಭಿನಯ ಗೀತೆ, ಒಂದು ಕಿರುನಾಟಕ, ‘ಯೇಸು ಯಾರು?’ ಅಂತ ಹಿಂದಿಯಲ್ಲಿ ಐದು ನಿಮಿಷ. ಹಿಂದಿ ಅಂದರೆ ನಮ್ಮ ಹಿಂದಿ, ಗೊತ್ತಲ್ಲ, ‘ಹಮ್ ಮಂಗಳೂರ್ ಸೇ ಆಯಾ ಹೈ’. ಜನ ಬಹಳ ಮರ್ಯಾದೆಯಿಂದ ಕೂತು ಕೇಳಿದರು. ಮುಗಿದ ಮೇಲೆ ಕ್ಯಾಪ್ಟನ್ ಎದ್ದು, ‘ನಮ್ಮವರೂ ಒಂದು ಹಾಡು ಹೇಳಲಿ’ ಅಂದರು. ಎದ್ದು ನಿಂತವರು ನಲವತ್ತು ಜನ ಇರಬಹುದು. ಹಾರ್ಮೋನಿಯಂ ಇಲ್ಲ, ಗಿಟಾರ್ ಇಲ್ಲ. ಒಬ್ಬ ಹುಡುಗ ಬಾಯಲ್ಲೇ ಶ್ರುತಿ ಕೊಟ್ಟ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ನಾಲ್ಕೂ ಒಟ್ಟಿಗೆ ಎದ್ದವು. ರಾಗ ನಮಗೆ ಗೊತ್ತಿದ್ದದ್ದೇ, ಈ ಹಾಲಿನಲ್ಲಿ ನೂರು ಸಲ ಹಾಡಿದ್ದೇವೆ. ಮಾತು ಮಾತ್ರ ಅವರ ಭಾಷೆಯದ್ದು. ನಮ್ಮ ಕೊಯರ್‌ನ ಬೇಸಿನವನೊಬ್ಬ ನನ್ನ ಪಕ್ಕ ಇದ್ದ. ಜಿಲ್ಲಾ ಮಟ್ಟದಲ್ಲಿ ಬಹುಮಾನ ತಗೊಂಡವ. ಅವನು ನಿಧಾನಕ್ಕೆ ಕಿರುನಾಟಕದ ಗಡ್ಡ ಬಿಚ್ಚಿ ಜೇಬಿಗೆ ಹಾಕಿಕೊಂಡ.

ನಾವು ಯಾರಿಗೆ ಯೇಸುವನ್ನು ಪರಿಚಯ ಮಾಡಿಸಲು ಹೋಗಿದ್ದೆವು ಗೊತ್ತುಂಟಾ? ನೂರು ವರ್ಷದ ಹಿಂದಿನಿಂದಲೇ ಸಭೆ ಕಟ್ಟಿಕೊಂಡು ಬಂದ ಜನಕ್ಕೆ. ಕಾರ್ ನಿಕೋಬಾರಿನ ಮೂಸ್ ಊರಿನಲ್ಲಿ ಸೊಲೊಮನ್ ಅನ್ನುವ ಭಾರತೀಯ ಉಪದೇಶಕರು ಶಾಲೆ ನಡೆಸಿದರು. ಅಲ್ಲಿ ಕಲಿತ ಒಬ್ಬ ಹುಡುಗ ಬರ್ಮಾಕ್ಕೆ ಹೋಗಿ ಓದಿ ಬಂದ. ಅವರೇ ಜಾನ್ ರಿಚರ್ಡ್‌ಸನ್. ಹೊಸ ಒಡಂಬಡಿಕೆಯನ್ನು ತನ್ನ ಜನರ ಭಾಷೆಗೆ ತಂದರು. 1950ರಲ್ಲಿ ಬಿಷಪ್ ಆದರು. 1952ರ ಮೊದಲ ಲೋಕಸಭೆಗೆ ನಾಮಕರಣಗೊಂಡು ಹೋದರು. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂತು. ಅಂಥವರ ಮೊಮ್ಮಕ್ಕಳ ಮುಂದೆ ನಾವು ಹತ್ತಿಯ ಗಡ್ಡ ಅಂಟಿಸಿಕೊಂಡು ಪೇತ್ರನ ಪಾರ್ಟು ಮಾಡಿದ್ದು. ಹೊರಡುವ ಮೊದಲು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಸ್ವೆಟರ್ ಏನಾಯಿತು ಅಂತ ಹೇಳಲಿಲ್ಲ. ಕೊಟ್ಟೆವು. ಬೇಡ ಅನ್ನಲಿಲ್ಲ, ಅತಿಥಿ ಕೊಟ್ಟದ್ದು ನೋಡಿ. ಒಬ್ಬ ಅಜ್ಜಿ ಶೆಡ್ಡಿನ ನೆರಳಲ್ಲಿ ಕೂತು ಸ್ವೆಟರ್ ಬಿಚ್ಚಲು ಶುರು ಮಾಡಿದರು. ಕುತ್ತಿಗೆ ಕಡೆಯಿಂದ ಒಂದು ಎಳೆ ಹುಡುಕಿ, ಎಳೆದು, ಮೊಣಕಾಲಿಗೆ ಸುತ್ತಿ, ಎಳೆದು, ಸುತ್ತಿ. ಎರಡು ದಿನದಲ್ಲಿ ತೆಂಗಿನಕಾಯಿ ಗಾತ್ರದ ಉಂಡೆಗಳು. ಭಾನುವಾರ ಆರಾಧನೆಗೆ ಹೋದರೆ ಸಣ್ಣ ಹುಡುಗಿಯರ ಜಡೆಯಲ್ಲೆಲ್ಲ ಮರೂನ್ ಉಣ್ಣೆಯ ರಿಬ್ಬನ್. ಮಡಿಕೇರಿಯ ಚಳಿ ಹಟ್ ಬೇಯ ಜಡೆಗೆ ಬಂತು. ನಮ್ಮ ಇಡೀ ಟ್ರಿಪ್ಪಿನಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ, ಅದೂ ಅಜ್ಜಿಯ ಬುದ್ಧಿ.

ಹೊರಡುವ ಹಿಂದಿನ ದಿನ, ಹತ್ತನೇ ದಿನ ಅದು, ನಮಗೆ ಬುದ್ಧಿ ಬಂತು. ಕ್ಯಾಪ್ಟನ್ ಹತ್ತಿರ ಕೂತು ಕೇಳಿದೆವು, ನಿಮಗೆ ಏನು ಬೇಕು ಅಂತ. ಅವರು ಯೋಚನೆ ಕೂಡ ಮಾಡಲಿಲ್ಲ. ‘ಕತ್ತಿ’ ಅಂದರು. ತೋಟ ಪೂರಾ ಬಿದ್ದಿದೆ, ಬಿದ್ದ ಮರ ತೆಗೆಯದೆ ಸಸಿ ನೆಡಲು ಆಗುವುದಿಲ್ಲ, ಇದ್ದ ಕತ್ತಿಯೆಲ್ಲ ಸಮುದ್ರಕ್ಕೆ ಹೋಯಿತು. ‘ಮನೆ ನಾವೇ ಕಟ್ಟುತ್ತೇವೆ. ಹೋಡಿ ನಾವೇ ಮಾಡುತ್ತೇವೆ.’ ಹೋಡಿ ಅಂದರೆ ಅವರ ದೋಣಿ, ನಮ್ಮ ಕೊಂಕಣಿಯವರ ಹೊಡಿ ಇದ್ದ ಹಾಗೇ ಕೇಳುತ್ತದೆ. ‘ಹಿಡಿ ಬೇಡ, ಅಲಗು ಸಾಕು, ಹಿಡಿ ನಮ್ಮ ಕೈಗೆ ಬೇಕಾದ ಹಾಗೆ ನಾವು ಹಾಕಿಕೊಳ್ಳುತ್ತೇವೆ’ ಅಂದರು. ಮತ್ತೆ ಒಂದು ತೆಂಗಿನ ಮೊಳಕೆ ಎತ್ತಿ ತೋರಿಸಿ ಏಳು ಬೆರಳು ಎತ್ತಿದರು. ಈಗ ನೆಟ್ಟರೆ ಏಳು ವರ್ಷ. ಒಂದು ತಿಂಗಳು ತಡವಾದರೆ ಏಳು ವರ್ಷ ಒಂದು ತಿಂಗಳು. ತೆಂಗಿನ ನಾಡಿನವರು ನಾವು. ಆ ಲೆಕ್ಕ ನಮಗೆ ಹೇಳಿಕೊಡಬೇಕಿತ್ತಾ?

ಊರಿಗೆ ಬಂದು ಸಭೆಯ ಮುಂದೆ ಇಟ್ಟೆವು. ದೇವಾಲಯದ ಹಣದಲ್ಲಿ ಕತ್ತಿ ಕೊಳ್ಳುವುದಾ ಅಂತ ಮೂರು ಮೀಟಿಂಗ್ ಆಯಿತು. ಹಿರಿಯರೊಬ್ಬರು ‘ಕತ್ತಿಯನ್ನು ಹಿಡಿಯುವವರು ಕತ್ತಿಯಿಂದಲೇ’ ಅಂತ ವಾಕ್ಯ ತೆಗೆದರು. ಕೊನೆಗೆ ‘ಕೃಷಿ ಉಪಕರಣ’ ಅಂತ ಬರೆದು ಪಾಸು ಮಾಡಿದರು. ಆಚಾರಿ ಹತ್ತಿರ ಅರವತ್ತು ಅಲಗು ಮಾಡಿಸಿ, ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ, ಡಿಸೆಂಬರಿನಲ್ಲಿ ನಾನೂ ಇನ್ನೊಬ್ಬನೂ ಚೆನ್ನೈ ರೈಲು ಹತ್ತಿದೆವು.

ಸ್ಟೇಷನ್ನಿನಲ್ಲಿ ಇಳಿದದ್ದೇ ತಡ, ಒಬ್ಬ ಪೊಲೀಸ್ ಸಾಹೇಬರು ಗೋಣಿಯನ್ನು ಲಾಠಿಯಿಂದ ತಟ್ಟಿದರು. ಠಣ್ ಅಂತು. ಬಿಚ್ಚಿ ಅಂದರು. ಬಿಚ್ಚಿದೆವು.

‘ಎಲ್ಲಿಂದ?’

‘ಮಂಗಳೂರು.’

ಅವರು ಒಂದು ಹೆಜ್ಜೆ ಹಿಂದೆ ಹೋದರು ಮಾರಾಯ್ರೇ! ನಮ್ಮ ಊರಿನ ಹೆಸರಿಗೆ ಅಷ್ಟು ಮರ್ಯಾದೆ ನಾನು ಎಲ್ಲೂ ನೋಡಿಲ್ಲ.

‘ಎಷ್ಟು?’

‘ಅರವತ್ತು.’

‘ಯಾರು ಕೊಟ್ಟದ್ದು?’

‘ಸಭಾಪಾಲಕರು.’

ಪತ್ರ ತೋರಿಸಿದೆವು. ಲೆಟರ್‌ಹೆಡ್ಡಿನಲ್ಲಿ ಅಯ್ಯನವರು ಬರೆದಿದ್ದರು, ಇವರು ಮಿಷನ್ ಕೆಲಸಕ್ಕೆ ಹೋಗುತ್ತಿದ್ದಾರೆ, ಸಹಕರಿಸಿ ಅಂತ. ಸಾಹೇಬರು ಪತ್ರ ನೋಡಿದರು, ಗೋಣಿ ನೋಡಿದರು. ‘ಎನ್ನ ಮಿಷನ್?’ ಅಂದರು. ಹೌದು, ಎಂತ ಮಿಷನ್? ಇವತ್ತಿನ ನನ್ನ ಉಪನ್ಯಾಸದ ವಿಷಯವನ್ನು ಆ ಮನುಷ್ಯ ಎರಡೇ ಶಬ್ದದಲ್ಲಿ ಕೇಳಿದರು. ಖಾತ್ರಿ ಮಾಡಲು ಇಲ್ಲಿಗೆ, ಅಯ್ಯನವರ ಮನೆಗೆ ಫೋನ್ ಮಾಡಿದರು. ಅಯ್ಯನವರು ಯಾರದ್ದೋ ಮನೆ ಭೇಟಿಗೆ ಹೋಗಿದ್ದರು. ಅವರ ಹೆಂಡತಿ, ನಮ್ಮೆಲ್ಲರ ಅಮ್ಮ, ಫೋನ್ ಎತ್ತಿ, ‘ಕತ್ತಿಯಾ? ನಮ್ಮವರು ಅಂಥವರಲ್ಲ’ ಅಂದುಬಿಟ್ಟರು! ಅಮ್ಮ ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಈಗ ನಗ್ತಾ ಇದ್ದಾರೆ. ಅವತ್ತು ನಮಗೆ ಮೂರು ಗಂಟೆ ಬೆಂಚಿನ ಮೇಲೆ. ಕೊನೆಗೆ ಅಯ್ಯನವರೇ ಸಿಕ್ಕಿ, ಸುನಾಮಿ, ತೆಂಗಿನ ತೋಟ ಎಲ್ಲ ವಿವರಿಸಿದರು. ಬಿಡುವಾಗ ಸಾಹೇಬರು ಒಂದು ಅಲಗನ್ನು ಹೆಬ್ಬೆರಳಲ್ಲಿ ಸವರಿ ನೋಡಿ, ‘ಒಳ್ಳೆ ಕಬ್ಬಿಣ’ ಅಂದರು.

ಆ ಅರವತ್ತರಲ್ಲಿ ಒಂದೂ ಜಡೆಗೆ ಹೋಗಲಿಲ್ಲ.

ಸಮಯ... ಹತ್ತು ನಿಮಿಷ ಇದೆಯಾ? ಆರಾ? ಸರಿ.

ಚರಿತ್ರೆಯ ಮಾತು ಒಂದು ಹೇಳಲೇಬೇಕು. ನಿಕೋಬಾರಿಗೆ ಸೊಲೊಮನ್ನರಿಗಿಂತ ಬಹಳ ಮೊದಲೇ ಮಿಷನರಿಗಳು ಬಂದಿದ್ದರು. ಮೊರೇವಿಯನ್ನರು, ಯುರೋಪಿನ ಒಂದು ಪ್ರೊಟೆಸ್ಟಂಟ್ ಪಂಗಡದವರು. 1768ರಲ್ಲಿ ತಮಿಳುನಾಡಿನ ತರಂಗಂಬಾಡಿಯಿಂದ ಹೋಗಿ ನಾನ್‌ಕೌರಿ ದ್ವೀಪದಲ್ಲಿ ಇಳಿದರು. ಜ್ವರದಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಭಾಷೆ ಕೈಗೆ ಹತ್ತಲಿಲ್ಲ. ಹತ್ತೊಂಬತ್ತು ವರ್ಷ ಹೆಣಗಿ 1787ರಲ್ಲಿ ಬಿಟ್ಟು ಹೋದರು. ಅವರ ತ್ಯಾಗಕ್ಕೆ ನಾನು ತಲೆಬಾಗುತ್ತೇನೆ, ಹತ್ತು ದಿನದ ಟ್ರಿಪ್ಪಿನವನು ನಾನು. ಆದರೆ ನೋಡಿ, ಅವರ ಹತ್ತೊಂಬತ್ತು ವರ್ಷದಲ್ಲಿ ಆಗದ್ದು, ಒಬ್ಬ ಊರಿನ ಹುಡುಗ ಊರಿನ ಭಾಷೆಯಲ್ಲಿ ಮಾತಾಡಿದಾಗ ಆಯಿತು.

ನಮ್ಮದೂ ಅದೇ ಕಥೆ ಅಲ್ವಾ? 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಿನಿಂದ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಬಂದವರು ಕೂತು ಕನ್ನಡ ಕಲಿತರು, ತುಳು ಕಲಿತರು. ಕಿಟ್ಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರ್ಷ ಆ ಮನುಷ್ಯ ಮಾಡಿದ್ದು ಏನು? ‘ಇದಕ್ಕೆ ನೀವು ಏನು ಅನ್ನುತ್ತೀರಿ, ಅದಕ್ಕೆ ಏನು ಅನ್ನುತ್ತೀರಿ’ ಅಂತ ಕೇಳಿದ್ದು. ನಾನು ಅವರು ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ, ಅದಕ್ಕೆ ಬೇರೆ ಸಂಜೆ ಬೇಕು. ಕೇಳಿದರು ಅನ್ನುತ್ತಿದ್ದೇನೆ.

ಇನ್ನು ಬೇಗ ಬೇಗ. ಹೊರಗಿನವರನ್ನು ಹತ್ತಿರ ಬಿಡದ ಆದಿವಾಸಿಗಳ ದ್ವೀಪ ಉತ್ತರ ಸೆಂಟಿನೆಲ್, ಅದರ ಹತ್ತಿರ ಹೋಗಬಹುದಾ ಅಂತ ಒಬ್ಬ ತಮ್ಮ ವಾಟ್ಸಾಪಿನಲ್ಲಿ ಕೇಳಿದ್ದಾನೆ. ಇಲ್ಲ. 1956ರಿಂದಲೇ ಅದಕ್ಕೆ ನಿಯಮ ಇದೆ, ದ್ವೀಪದ ಸುತ್ತ ಐದು ನಾಟಿಕಲ್ ಮೈಲಿ ಒಳಗೆ ಕಾಲಿಡುವ ಹಾಗಿಲ್ಲ. 2018ರ ನವೆಂಬರಿನಲ್ಲಿ 26 ವರ್ಷದ ಅಮೆರಿಕದ ಹುಡುಗ, ಜಾನ್ ಅಲೆನ್ ಚೌ, ಬೈಬಲ್ ಹಿಡಿದು ಹೋಗಿ ಸತ್ತ. ಅವನ ತಾಯಿ ತಂದೆಗೆ ನನ್ನ ಮರುಕ ಇದೆ. ಆದರೆ ಆ ಜನಕ್ಕೆ ನಮ್ಮ ಒಂದು ನೆಗಡಿ ಸಾಕು. ಅವರು ಬಾಣದಲ್ಲೇ ಉತ್ತರ ಹೇಳಿದ್ದಾರೆ, ಮತ್ತೆ ಕೇಳುವ ಅಗತ್ಯ ಇಲ್ಲ. ಲಿಟ್ಲ್ ಅಂಡಮಾನಿನಲ್ಲಿ ಓಂಗೆ ಅನ್ನುವ ಆದಿವಾಸಿಗಳಿದ್ದಾರೆ, ನೂರರ ಆಸುಪಾಸು ಜನ ಅಷ್ಟೇ. ಅವರ ಕಡೆಗೂ ಹೋಗಬೇಡಿ. ಫೋಟೋ ವಿಷಯ, ಮಕ್ಕಳನ್ನು ಎತ್ತಿಕೊಂಡು ಸೆಲ್ಫಿ... ಅಯ್ಯನವರು ಹೇಳುತ್ತಾರೆ.

ಊಟದ ಬಗ್ಗೆ ಒಂದೇ ಮಾತು. ನಾವು ಮೂಡೆ ಮಾಡುವ ಮುಂಡುಗದ ಜಾತಿಯ ಮರ ಅಲ್ಲೂ ಉಂಟು. ನಾವು ಎಲೆ ತಗೊಂಡು ಹಣ್ಣು ಬಿಡುತ್ತೇವೆ, ಅವರು ಹಣ್ಣು ಬೇಯಿಸಿ ತಿನ್ನುತ್ತಾರೆ. ಕೊಟ್ಟರೆ ಬೇಡ ಅನ್ನಬೇಡಿ. ಅವರು ನಮ್ಮ ಸ್ವೆಟರ್ ತಗೊಂಡಿದ್ದಾರೆ.

ಗಂಟೆ ಹೊಡೆಯಬೇಡ ಮಗಾ, ಮುಗಿಸಿದೆ. ಹಟ್ ಬೇಯ ಈಗಿನ ಕ್ಯಾಪ್ಟನ್ ನಂಬರ್ ನನ್ನ ಹತ್ತಿರ ಇದೆ, ಹಳೇ ಕ್ಯಾಪ್ಟನ್ನರ ಅಳಿಯ. ಗಡಿಯಾರ ಅಲ್ಲೂ ನಮ್ಮದೇ, ಆದರೆ ಸೂರ್ಯ ಐದೂವರೆಯ ಆಸುಪಾಸಿಗೆ ಮುಳುಗುತ್ತಾನೆ, ಜನ ಬೇಗ ಮಲಗುತ್ತಾರೆ. ಈಗ ಏಳು ಕಾಲು. ಕಾರ್ಯದರ್ಶಿಗಳೇ, ಆ ಬೋರ್ಡಿನ ಪಟ್ಟಿ ತೆಗೆದುಕೊಂಡು ಇಲ್ಲಿ ಬನ್ನಿ, ಒಂದು ಪೆನ್ನೂ ತನ್ನಿ. ಸ್ಪೀಕರ್ ಆನ್ ಮಾಡಿ ಇಡುತ್ತೇನೆ. ಚಹಾ ಎರಡು ನಿಮಿಷ ಇರಲಿ ಅಕ್ಕಾ. ರಿಂಗ್ ಆಗ್ತಾ ಇದೆ.