ಇಂಟರ್ನೆಟ್ ಅಲ್ಲ, ಕಬ್ಬಿಣದ ಪೆಟ್ಟಿಗೆ!

ಎಲ್ಲರಿಗೂ ನಮಸ್ಕಾರ. ಕಳೆದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ಬಹುರಾಷ್ಟ್ರೀಯ ಕಂಪನಿಗಳು ಬೆಳೆದಿದ್ದು ಇಂಟರ್ನೆಟ್‌ನಿಂದ, ಇಷ್ಟೂ ಗೊತ್ತಿಲ್ವಾ?' ಎರಡು ದಿನದಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಇಂಟರ್ನೆಟ್ ಅಲ್ಲ ಸ್ವಾಮಿ, ಕಂಟೇನರ್! ಹಡಗಿನ ಮೇಲೆ ಪೇರಿಸಿಟ್ಟಿರುತ್ತಾರಲ್ಲ, ಆ ಕಬ್ಬಿಣದ ಪೆಟ್ಟಿಗೆ.

1956ರ ಏಪ್ರಿಲ್ 26. ಅಮೆರಿಕದ ನ್ಯೂವಾರ್ಕ್‌ನಿಂದ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆ ಹೊತ್ತು ಹ್ಯೂಸ್ಟನ್ ಕಡೆಗೆ ಹೊರಟಿತು. ಕಳಿಸಿದವರು ಮಾಲ್ಕಮ್ ಮೆಕ್ಲೀನ್, ಲಾರಿ ಕಂಪನಿ ಕಟ್ಟಿ ಬೆಳೆದವರು. ಅಲ್ಲಿಯ ತನಕ ಮೂಟೆ, ಪೀಪಾಯಿ ಎಲ್ಲವನ್ನೂ ಹಮಾಲರು ಒಂದೊಂದಾಗಿ ತುಂಬಬೇಕಿತ್ತು. ಹಡಗು ದಿನಗಟ್ಟಲೆ ಬಂದರಿನಲ್ಲೇ ನಿಂತಿರುತ್ತಿತ್ತು. ಒಂದು ಟನ್ ತುಂಬಲು ಆಗ ಸುಮಾರು 5.86 ಡಾಲರ್. ಐಡಿಯಲ್ ಎಕ್ಸ್‌ಗೆ? ಸುಮಾರು 16 ಸೆಂಟ್!

ಆ ಪೆಟ್ಟಿಗೆಯ ಮೂಲೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಎಂಟು ಮೂಲೆಗೂ ತೂತಿರುವ ದಪ್ಪ ಉಕ್ಕಿನ ತುಂಡು. ಆ ತೂತಿಗೆ ಕೊಂಡಿ ಇಳಿಸಿ ತಿರುಗಿಸಿದರೆ ಸಾಕು, ಕಚ್ಚಿಕೊಳ್ಳುತ್ತದೆ. ಕ್ರೇನ್, ಲಾರಿ, ರೈಲು, ಹಡಗು, ಎಲ್ಲದಕ್ಕೂ ಅದೇ ತೂತು. ಉದ್ದ 20 ಅಡಿ, ಇಲ್ಲವೇ 40 ಅಡಿ. ಒಳಗಿನ ಸರಕು ಮುಟ್ಟದೆಯೇ ಖಂಡ ದಾಟುತ್ತದೆ. ಬಿಡಿಭಾಗ ಒಂದು ದೇಶದಲ್ಲಿ, ಜೋಡಣೆ ಇನ್ನೊಂದರಲ್ಲಿ, ಮಾರಾಟ ಹತ್ತು ಕಡೆ. ಈ ಲೆಕ್ಕ ಕುದುರಿದ್ದೇ ಆ ಪೆಟ್ಟಿಗೆಯಿಂದ!

'1600ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಇತ್ತಲ್ಲ, 1602ರಲ್ಲಿ ಡಚ್ಚರದ್ದೂ ಬಂತಲ್ಲ' ಅಂತೀರಾ? ಇದ್ದವು. ಮೆಣಸು, ಲವಂಗ, ಬಟ್ಟೆ ಸಾಗಿಸಿದವು. ಐದು ದೇಶದ ಬಿಡಿಭಾಗ ಸೇರಿಸಿ ಒಂದು ಯಂತ್ರ ಮಾಡುವುದು ಅವರ ಕನಸಲ್ಲೂ ಇರಲಿಲ್ಲ. 'ಸುಂಕ ಇಳಿಯಿತು, 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಬಂತು' ಅಂತೀರಾ? ಬರಲಿ ಬಿಡಿ. ಸುಂಕ ಸೊನ್ನೆಯಾದರೂ ಸರಕು ಬಂದರಿನಲ್ಲೇ ಕೊಳೆಯುತ್ತಿದ್ದರೆ ಏನು ಪ್ರಯೋಜನ? ಪೆಟ್ಟಿಗೆ ಬೇಕು, ಪೆಟ್ಟಿಗೆ!

ಹಾಂ, ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲವಾದರೆ ಈಗಲೇ ಮಾಡಿ. ಮುಂದಿನ ವಾರ ಬಂದರಿನ ಕ್ರೇನ್ ಬಗ್ಗೆಯೇ ಒಂದು ಇಡೀ ಎಪಿಸೋಡ್ ಇದೆ. ತುಂಬಾ ಕಷ್ಟಪಟ್ಟು ಮಾಡಿದ್ದೇನೆ, ತಪ್ಪಿಸಬೇಡಿ.

2021ರ ಮಾರ್ಚ್ ನೆನಪಿದೆಯಾ? ಸೂಯೆಜ್ ಕಾಲುವೆಗೆ ಅಡ್ಡಲಾಗಿ 'ಎವರ್ ಗಿವನ್' ಸಿಕ್ಕಿಕೊಂಡಿತು. 400 ಮೀಟರ್ ಉದ್ದದ ಹಡಗು, ತುಂಬಾ ಕಂಟೇನರ್. ಆರು ದಿನ ಅಲ್ಲಾಡಲಿಲ್ಲ. ಹಿಂದೆ ನೂರಾರು ಹಡಗು ಸಾಲುಗಟ್ಟಿದವು. ಆ ಆರು ದಿನವೂ ಇಂಟರ್ನೆಟ್ ಚೆನ್ನಾಗೇ ಓಡುತ್ತಿತ್ತು! ಈಮೇಲ್ ಹೋಗುತ್ತಿತ್ತು, ವಿಡಿಯೋ ಕಾಲ್ ನಡೆಯುತ್ತಿತ್ತು. ಸರಕು ಬಂತಾ? ಇಲ್ಲ! ಇನ್ನೇನು ಸಾಕ್ಷಿ ಬೇಕು ನಿಮಗೆ?

ಆ ಕಾಮೆಂಟನ್ನು ಪಿನ್ ಮಾಡಿಟ್ಟಿದ್ದೇನೆ. ಬರೆದವರೇ, ಈಮೇಲ್‌ಗೆ ಒಂದು ಫ್ರಿಜ್ ಅಟ್ಯಾಚ್ ಮಾಡಿ ಕಳಿಸಿ. ನನ್ನ ಮನೆ ಬಾಗಿಲಿಗೆ ಬಂದರೆ ನಿಮ್ಮ ಮಾತು ಒಪ್ಪುತ್ತೇನೆ.