ಕೇಳಿದ್ದು ಯಾರು, ರಶೀದಿ ಎಲ್ಲಿ?

(ರಾಷ್ಟ್ರೀಯ ಮತದಾರರ ದಿನದಂದು ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರೇ, ಎದುರಿಗೆ ಕುಳಿತಿರುವ ಬಂಧುಗಳೇ,

ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಲು ಬಂದಾಗ ಅವರ ಕೈಯಲ್ಲಿದ್ದ ಚೀಟಿಯಲ್ಲಿ ವಿಷಯ ‘ಮತದಾರನ ಕರ್ತವ್ಯಗಳು’ ಎಂದಿತ್ತು. ಚುನಾವಣಾ ಆಯೋಗ ಸ್ಥಾಪನೆಯಾದದ್ದು 1950ರ ಜನವರಿ 25ರಂದು. 2011ರಿಂದ ಆ ದಿನವನ್ನು ಮತದಾರರ ದಿನವೆಂದು ಆಚರಿಸುತ್ತಿದ್ದೇವೆ. ಅಂದಿನಿಂದ ಪ್ರತಿವರ್ಷವೂ ಮತದಾರ ಎದ್ದು ನಿಂತು, ಕೈ ಮುಂದೆ ಚಾಚಿ, ತನ್ನ ಕರ್ತವ್ಯಗಳ ಪ್ರತಿಜ್ಞೆ ಸ್ವೀಕರಿಸುತ್ತಿದ್ದಾನೆ. ಮತದಾರನ ಮನೆ ಬಾಗಿಲಿಗೆ ಬರುವವರಿಗೂ ಏನಾದರೂ ಕರ್ತವ್ಯ ಇರಬಹುದಲ್ಲವೇ ಎಂದು ನಾನು ಕೇಳಿದೆ. ಅವರು ನಕ್ಕು, “ಹಾಗಾದರೆ ಅದನ್ನೇ ಮಾತಾಡಿ ಮಾರಾಯ್ರೆ, ನಲವತ್ತು ನಿಮಿಷ ಉಂಟು” ಎಂದರು. ಆದ್ದರಿಂದ ಇಂದಿನ ಮಾತಿನ ತಪ್ಪು ಒಪ್ಪುಗಳಲ್ಲಿ ಅರ್ಧ ಪಾಲು ಅವರದು.

2023ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನದ ಸಂಗತಿಯಿಂದ ಆರಂಭಿಸುತ್ತೇನೆ. ವಿಧಾನಸಭಾ ಚುನಾವಣೆಗೆ ಇನ್ನೂ ಎರಡು ತಿಂಗಳಿತ್ತು. ಉರಿಬಿಸಿಲಿನಲ್ಲಿ ಗೇಟಿನ ಚಿಲಕ ಸದ್ದಾಯಿತು. ನೋಡಿದರೆ ಇಪ್ಪತ್ತೆರಡರ ಆಸುಪಾಸಿನ ಒಬ್ಬಳು ಹುಡುಗಿ, ಕೈಯಲ್ಲಿ ಟ್ಯಾಬ್, ಕುತ್ತಿಗೆಯಲ್ಲಿ ಹೆಸರು ಅಳಿಸಿಹೋದ ಗುರುತುಚೀಟಿ. ಮಾತಿನಲ್ಲೇ ಬಯಲುಸೀಮೆಯವಳೆಂದು ತಿಳಿಯುತ್ತಿತ್ತು. ನನ್ನ ಹೆಂಡತಿ, “ಎಂತ ಮಗಾ, ಈ ಬಿಸಿಲಿಗೆ” ಎಂದು ಜಗಲಿಯಲ್ಲಿ ಕುಳ್ಳಿರಿಸಿ ಪುನರ್ಪುಳಿ ಶರಬತ್ತು ಕೊಟ್ಟಳು. ಸಮೀಕ್ಷೆ ಎಂದಳು ಹುಡುಗಿ. ಯಾರು ಕಳಿಸಿದ್ದು ಎಂದು ಕೇಳಿದೆ. “ಕಂಪನಿ ಸರ್.” ಯಾವ ಕಂಪನಿ? “ಅದನ್ನ ನಮ್ಗೆ ಹೇಳಿಲ್ಲ ಸರ್, ಟೀಮ್ ಲೀಡರ್‌ಗೆ ಗೊತ್ತಿರತ್ತೆ.” ತನ್ನನ್ನು ಕಳಿಸಿದವರು ಯಾರೆಂದು ಗೊತ್ತಿಲ್ಲದ ಆ ಹುಡುಗಿ ಮುಂದಿನ ಹತ್ತು ನಿಮಿಷಗಳಲ್ಲಿ ನಮ್ಮ ವಯಸ್ಸು, ಜಾತಿ, ದೂರವಾಣಿ ಸಂಖ್ಯೆ, ಮಕ್ಕಳ ಉದ್ಯೋಗ, 2018ರಲ್ಲಿ ಯಾರಿಗೆ ಮತ ಹಾಕಿದೆವು, ಈ ಸಲ ಯಾರಿಗೆ ಎಂಬುದನ್ನೆಲ್ಲ ಕೇಳಿದಳು. ಕೆಲವಕ್ಕೆ ಉತ್ತರ ಹೇಳಿದೆವು, ಕೆಲವಕ್ಕೆ ಇನ್ನೊಂದು ಲೋಟ ಶರಬತ್ತು ಕೊಟ್ಟೆವು.

ಆಮೇಲೆ ಬಂತು ಕ್ಷೇತ್ರದ ಮುಖ್ಯ ಸಮಸ್ಯೆಯ ಪ್ರಶ್ನೆ. ಪರದೆಯಲ್ಲಿ ರಸ್ತೆ, ನಿರುದ್ಯೋಗ, ಕುಡಿಯುವ ನೀರಿನ ಕೊರತೆ, ಭ್ರಷ್ಟಾಚಾರ, ಬೆಲೆಯೇರಿಕೆ ಎಂದು ಐದೇ ಉತ್ತರಗಳಿದ್ದವು. ನನ್ನ ಹೆಂಡತಿ, “ನಮ್ಮ ಬಾವಿಯ ನೀರು ಮಾರ್ಚ್ ಬಂತೆಂದರೆ ಉಪ್ಪಾಗ್ತದೆ ಮಗಾ, ಅದನ್ನು ಬರಿ” ಎಂದಳು. ಹೊಳೆಯ ಬಾಯಿಗೆ ಹತ್ತಿರ ಮನೆ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಡುಗಿ ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ, “ನೀರಿನ ಕೊರತೆ ಅಂತ ಹಾಕ್ಲಾ ಆಂಟಿ?” ಎಂದಳು. “ಕೊರತೆ ಎಲ್ಲಿ ಉಂಟು? ಬಾವಿ ತುಂಬ ನೀರುಂಟು. ಉಪ್ಪು.” ಎರಡು ಮೂರು ಸಲ ಈ ಮಾತು ಅತ್ತಿಂದಿತ್ತ ಹೋಗಿ ಬಂದು, ಕೊನೆಗೆ ತುಂಬಿದ ಬಾವಿಯ ಮಾಲಕಿ ನೀರಿನ ಕೊರತೆಯ ಲೆಕ್ಕಕ್ಕೆ ಸೇರಿದಳು. ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿತ್ತು: “ಇಷ್ಟೆಲ್ಲ ಅಭಿವೃದ್ಧಿ ಮಾಡಿದ ನಾಯಕತ್ವವನ್ನು ಮತ್ತೊಮ್ಮೆ ಬೆಂಬಲಿಸುವಿರಾ?” ಉತ್ತರಗಳು ಮೂರು. ಖಂಡಿತ, ಬಹುಶಃ, ಇನ್ನೂ ಯೋಚಿಸಿಲ್ಲ. ‘ಇಲ್ಲ’ ಎಂಬ ಗುಂಡಿಯನ್ನು ಆ ಪರದೆ ಮಾಡಿದವರು ಮರೆತಿದ್ದರು.

ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ನಲವತ್ತು ಫಾರಂ ತುಂಬಿಸಬೇಕು, ಫಾರಂ ಲೆಕ್ಕದಲ್ಲೇ ಸಂಬಳ ಎಂದು ಅವಳೇ ಹೇಳಿದಳು. ಸಂಜೆ ನಾನು ಪೇಟೆಗೆ ಹೊರಟಾಗ ಅವಳು ಬಸ್ ತಂಗುದಾಣದ ನೆರಳಿನಲ್ಲಿ ಒಬ್ಬಳೇ ಕುಳಿತು ಟ್ಯಾಬನ್ನು ಬಹಳ ವೇಗವಾಗಿ ಒತ್ತುತ್ತಿದ್ದಳು. ಆ ತಂಗುದಾಣದ ಸುತ್ತ ಗದ್ದೆ ಬಿಟ್ಟರೆ ಮನೆಗಳಿಲ್ಲ.

ಹತ್ತು ದಿನಗಳ ಬಳಿಕ ನನ್ನ ಹೆಂಡತಿಗೆ ಒಂದು ಕರೆ ಬಂತು. ಪಕ್ಷದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಸಭೆಯ ಅರ್ಧ ಭಾಗ ಚಪ್ಪಾಳೆ ತಟ್ಟುತ್ತದೆ, ಉಳಿದರ್ಧ ಎದ್ದು ಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಮುದ್ರಿತ ದನಿ ಅವಳ ಹೆಸರು ಹಿಡಿದು ನಮಸ್ಕರಿಸಿ, ತಮ್ಮ ಊರಿನ ಕುಡಿಯುವ ನೀರಿನ ಕೊರತೆಯನ್ನು ನೀಗಿಸಲು ಪಕ್ಷವನ್ನು ಬಲಪಡಿಸಿರಿ ಎಂದಿತು. ಹಿಂದೆಯೇ ವಾಟ್ಸಾಪಿನಲ್ಲಿ ದೇಣಿಗೆಯ ಕೊಂಡಿ. ಅವಳು ಫೋನನ್ನು ನನ್ನ ಕೈಗೆ ಕೊಟ್ಟು, “ಉಪ್ಪು ತೆಗೆಯಲಿಕ್ಕೆ ಎಷ್ಟಂತೆ ಕೇಳಿ” ಎಂದಳು.

ಅಭಿಪ್ರಾಯ ಕೇಳುವ ನೆಪದಲ್ಲಿ ಕೈಯೊಡ್ಡುವ ಈ ಪದ್ಧತಿ ನಮ್ಮವರು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಪಕ್ಷಗಳು ಮತದಾರರ ಮನೆಗೆ ಸಮೀಕ್ಷೆಯೆಂದು ಪತ್ರ ಕಳಿಸುತ್ತವೆ. ಪ್ರಶ್ನೆಗಳ ಕೊನೆಗೆ ‘ಎಷ್ಟು ಡಾಲರ್ ಕೊಡುವಿರಿ’ ಎಂದಿರುತ್ತದೆ. ಅಲ್ಲಿನ ನಿಜವಾದ ಸಂಶೋಧಕರು ಇದರಿಂದ ಬೇಸತ್ತು ‘ಫ್ರಗ್ಗಿಂಗ್’ ಎಂಬ ಹೆಸರನ್ನೇ ಇಟ್ಟಿದ್ದಾರೆ: ಸಂಶೋಧನೆಯ ವೇಷದಲ್ಲಿ ಹಣ ಎತ್ತುವುದು. ವೇಷ ಎಂದರೆ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕೆ? ಆದರೆ ಯಕ್ಷಗಾನದ ವೇಷಧಾರಿ ಬಣ್ಣ ಹಚ್ಚಿ ಎದುರಿಗೇ ಬರುತ್ತಾನೆ, ನೋಡಿದ ಕೂಡಲೇ ಯಾವ ವೇಷವೆಂದು ಮಕ್ಕಳಿಗೂ ಗೊತ್ತಾಗುತ್ತದೆ. ನಮ್ಮ ಚುನಾವಣಾ ಆಯೋಗವೂ 2024ರ ಮೇ 2ರಂದು ಎಲ್ಲ ಪಕ್ಷಗಳಿಗೆ ಒಂದು ಸೂಚನೆ ಕೊಟ್ಟಿತು. ಸಮೀಕ್ಷೆಯ ಹೆಸರಿನಲ್ಲಿ ಮತದಾರರ ವಿವರ ಪಡೆದು, ಚುನಾವಣೆಯ ಬಳಿಕ ಸಿಗುವ ಯೋಜನೆಗಳಿಗೆ ಅವರನ್ನು ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸಬೇಕು, ಅದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಲಂಚದ ವ್ಯಾಖ್ಯೆಗೆ ಹತ್ತಿರ ಬರುತ್ತದೆ ಎಂಬುದು ಅದರ ಸಾರ. ಆ ಹೊತ್ತಿಗೆ ನಮ್ಮ ಜಿಲ್ಲೆಯ ಮತದಾನ ಮುಗಿದು ಆರು ದಿನಗಳಾಗಿದ್ದವು.

ನಾನು ಹೇಳಬೇಕಾದುದು ಒಂದೇ ಮಾತು. ಕೇಳಲು ಬರುವವನು ತಾನು ಯಾರೆಂದು ಹೇಳಬೇಕು, ತೆಗೆದುಕೊಳ್ಳುವವನು ರಶೀದಿ ಕೊಡಬೇಕು. ಇದನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಪಿಗ್ಮಿಯಿಂದ.

ಇಲ್ಲಿರುವ ಹಿರಿಯರಿಗೆಲ್ಲ ಆ ಶಬ್ದ ಕೇಳಿದರೆ ಒಂದು ಮುಖ ನೆನಪಾಗುತ್ತದೆ. 1925ರಲ್ಲಿ ಇದೇ ಉಡುಪಿಯಲ್ಲಿ, ಕಷ್ಟದಲ್ಲಿದ್ದ ಕೈಮಗ್ಗದವರ ನೆರವಿಗೆಂದು ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ನನ್ನ ಬಾಲ್ಯದಲ್ಲಿ ಅವರ ಪಿಗ್ಮಿ ದಿನಕ್ಕೆ ನಾಲ್ಕಾಣೆ. ಸಂಗ್ರಹಕ್ಕೆ ಬರುತ್ತಿದ್ದವರನ್ನು ನಾವು ಮಕ್ಕಳು ಪಿಗ್ಮಿ ಮಾಮ ಎಂದೇ ಕರೆಯುತ್ತಿದ್ದೆವು. ಖಾಕಿ ಚೀಲ, ಕಂಕುಳಲ್ಲಿ ಉದ್ದ ಕೊಡೆ, ಕಿವಿಯ ಮೇಲೆ ಪೆನ್ಸಿಲು. ನಾಲ್ಕಾಣೆ ಕೈಗೆ ಬಂದ ಕೂಡಲೇ ಮೊದಲು ತಾಯಿಯ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದರು, ಆಮೇಲೆ ತಮ್ಮದರಲ್ಲಿ ಬರೆಯುತ್ತಿದ್ದರು. ಕೊಟ್ಟವರ ಪುಸ್ತಕ ಮೊದಲು. ಈ ಕ್ರಮವನ್ನು ದಯವಿಟ್ಟು ಗಮನಿಸಿ.

ಒಂದು ಆಷಾಢದಲ್ಲಿ, ಹೊಳೆ ತೋಟಕ್ಕೆ ನುಗ್ಗಿದ್ದ ದಿನ, ರಾತ್ರಿ ಎಂಟೂವರೆಗೆ ಅವರು ಮತ್ತೆ ನಮ್ಮ ಅಂಗಳದಲ್ಲಿ ಪ್ರತ್ಯಕ್ಷರಾದರು. ಪಂಚೆ ಮೊಣಕಾಲಿನ ತನಕ ಒದ್ದೆ, ಕೈಯಲ್ಲಿ ಲಾಟೀನು. ಲೆಕ್ಕದಲ್ಲಿ ನಾಲ್ಕಾಣೆ ಹೆಚ್ಚು ಬರುತ್ತಿದೆ, ಯಾರದೋ ಪುಸ್ತಕದಲ್ಲಿ ಬರೆಯಲು ಬಿಟ್ಟಿದ್ದೇನೆ, ನಿಮ್ಮದನ್ನು ಒಮ್ಮೆ ತೋರಿಸಿ ಎಂದರು. ಗಮನಿಸಿ, ಕಡಿಮೆ ಬಂದಿರಲಿಲ್ಲ, ಹೆಚ್ಚು ಬಂದಿತ್ತು. ನಮ್ಮ ಪುಸ್ತಕ ಸರಿ ಇತ್ತು. ತಾಯಿ, “ನಾಳೆ ನೋಡಿದರೆ ಆಗದಾ ಮಾರಾಯ್ರೆ, ಈ ಮಳೆಗೆ” ಎಂದರು. “ನಾಳೆ ಅವರು ಪುಸ್ತಕ ತೆಗೆದು ನೋಡಿದರೆ ನನ್ನನ್ನು ಎಂತ ಹೇಳ್ಯಾರು?” ಎಂದು ಅವರು ಮುಂದಿನ ಮನೆಗೆ ಇಳಿದು ಹೋದರು. ನಾನು ಮುಂದೆ ಬ್ಯಾಂಕು ಸೇರಿ ಮೂವತ್ತನಾಲ್ಕು ವರ್ಷ ದುಡಿದೆ. ಸಂಜೆ ಲೆಕ್ಕ ಹೊಂದದೆ ಒಂದು ರೂಪಾಯಿಗಾಗಿ ಒಂಬತ್ತು ಗಂಟೆಯವರೆಗೆ ಶಾಖೆಯಲ್ಲೇ ಕುಳಿತ ದಿನಗಳಲ್ಲೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಆ ಲಾಟೀನು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಬೇರೆಯೇ ದುಃಖ, ಅದಕ್ಕೆ ಇನ್ನೊಂದು ಉಪನ್ಯಾಸ ಬೇಕು.

ಇಂಥ ಊರಿನಲ್ಲಿ ಬೆಳೆದವನಿಗೆ ಚುನಾವಣಾ ಬಾಂಡು ಹೇಗೆ ಕಂಡಿರಬೇಡ? 2018ರ ಜನವರಿಯಲ್ಲಿ ಜಾರಿಗೆ ಬಂದ ಆ ಯೋಜನೆಯಲ್ಲಿ ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡುಗಳನ್ನು ಸ್ಟೇಟ್ ಬ್ಯಾಂಕಿನಿಂದ ಕೊಂಡು ಪಕ್ಷಕ್ಕೆ ಕೊಡಬಹುದಿತ್ತು. ಕೊಂಡವರು ಯಾರೆಂದು ಬ್ಯಾಂಕಿಗೆ ಗೊತ್ತು, ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂದು ಗೊತ್ತು; ಗೊತ್ತಾಗಬಾರದ ಒಬ್ಬನೇ ವ್ಯಕ್ತಿ ಎಂದರೆ ಮತದಾರ. ನನ್ನ ಜಾತಿ, ವಯಸ್ಸು, ಬಾವಿಯ ನೀರಿನ ರುಚಿ ಪಕ್ಷಕ್ಕೆ ತಿಳಿದಿರಬೇಕು, ಪಕ್ಷದ ಗಂಟು ಯಾರದೆಂದು ನನಗೆ ತಿಳಿದಿರಬಾರದು! ಮಾರಾಟವಾದ ಬಾಂಡುಗಳ ಮೊತ್ತ 16 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆ ಮತದಾರನ ಮಾಹಿತಿಯ ಹಕ್ಕಿಗೆ ವಿರುದ್ಧವೆಂದು ಅದನ್ನು ರದ್ದುಪಡಿಸಿತು. ವಿವರ ಕೊಡಿ ಎಂದಾಗ ಸ್ಟೇಟ್ ಬ್ಯಾಂಕು ಜೂನ್ 30ರವರೆಗೆ ಸಮಯ ಬೇಕೆಂದಿತು. ಪತ್ರಿಕೆಯಲ್ಲಿ ಅದನ್ನು ಓದಿದಾಗ, ನಿವೃತ್ತ ಬ್ಯಾಂಕ್ ನೌಕರನಾದ ನನಗೆ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ನಾಲ್ಕಾಣೆಗೆ ರಾತ್ರಿಯೇ ಮಳೆಯಲ್ಲಿ ನಡೆದವರ ಊರು ಇದು. ಮಾರ್ಚ್ 11ರಂದು ನ್ಯಾಯಾಲಯ ಆ ಕೋರಿಕೆಯನ್ನು ತಳ್ಳಿಹಾಕಿತು. ಮಾರ್ಚ್ 14ಕ್ಕೆ ಪಟ್ಟಿ ಆಯೋಗದ ಜಾಲತಾಣದಲ್ಲಿ ಬಂತು. ಮೂರೂವರೆ ತಿಂಗಳ ಕೆಲಸ ಮೂರು ದಿನಗಳಲ್ಲಿ ಹೇಗೆ ಮುಗಿಯಿತೆಂದು ನಿಮ್ಮ ಮನೆಯಲ್ಲಿ ಬ್ಯಾಂಕಿನವರಿದ್ದರೆ ಕೇಳಿ ನೋಡಿ.

ಬಾಂಡು ಹೋಯಿತು, ಕತ್ತಲೆ ಪೂರ್ತಿ ಹೋಗಲಿಲ್ಲ. 20,000 ರೂಪಾಯಿ ಮೀರಿದ ದೇಣಿಗೆಗೆ ಮಾತ್ರ ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ತಿಳಿಸಬೇಕು. 2017ರಿಂದ ನಗದಿನ ಮಿತಿ 2,000 ರೂಪಾಯಿಗೆ ಇಳಿದಿದೆ. ನಮ್ಮಲ್ಲಿ ವಿಧಾನಸಭೆಯ ಅಭ್ಯರ್ಥಿ 40 ಲಕ್ಷ, ಲೋಕಸಭೆಯ ಅಭ್ಯರ್ಥಿ 95 ಲಕ್ಷ ಮೀರಿ ಖರ್ಚು ಮಾಡುವಂತಿಲ್ಲ. ಆದರೆ ಅವನ ಪಕ್ಷ ಎಷ್ಟು ಖರ್ಚು ಮಾಡಿದರೂ ಕಾನೂನಿನಲ್ಲಿ ಮಿತಿಯೇ ಇಲ್ಲ.

ಹಾಗೆಂದು ಸಣ್ಣ ದೇಣಿಗೆಗೆ ನಾನು ವಿರೋಧಿಯಲ್ಲ. ಒಂದು ಪಕ್ಷ 2021ರ ಡಿಸೆಂಬರ್ 25ರಿಂದ ಐದು ರೂಪಾಯಿಯಿಂದ ಸಾವಿರದವರೆಗೆ ಕೇಳಿತು, ಇನ್ನೊಂದು ಪಕ್ಷ 2023ರ ಡಿಸೆಂಬರಿನಲ್ಲಿ ತನ್ನ 138 ವರ್ಷಗಳ ನೆನಪಿಗೆ 138 ರೂಪಾಯಿ ಕೇಳಿತು. ಎರಡೂ ನೇರವಾಗಿ ಕೇಳಿದವು. ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಈ ಜಿಲ್ಲೆಯಲ್ಲಿ ಹರಿಜನ ನಿಧಿಗಾಗಿ ಓಡಾಡಿದರು. ಆ ಪ್ರವಾಸದಲ್ಲಿ ತಮಗೆ ಕೊಟ್ಟ ಮಾನಪತ್ರಗಳನ್ನೂ ಅವರು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಸಭೆಗೆ ಬಂದವರಿಗೆ ಹಣ ಏತಕ್ಕೆ, ಎಷ್ಟು ಎಂಬುದು ಅಲ್ಲೇ ಕಣ್ಣಿಗೆ ಕಾಣುತ್ತಿತ್ತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ವಾರ್ಡಿನ ಗಣೇಶೋತ್ಸವ ಸಮಿತಿ ರಶೀದಿ ಪುಸ್ತಕ ಹಿಡಿದು ಬರುತ್ತದೆ. ಹಬ್ಬ ಮುಗಿದ ತಿಂಗಳೊಳಗೆ ಖರ್ಚಿನ ಕರಪತ್ರ ಬಾಗಿಲಿಗೆ ಬರುತ್ತದೆ, ಅದರಲ್ಲಿ ಶಾಮಿಯಾನ, ಧ್ವನಿವರ್ಧಕ, ಪಂಚಕಜ್ಜಾಯದ ಬೆಲ್ಲ, ಉಳಿಕೆ 312 ರೂಪಾಯಿ ಎಲ್ಲವೂ ಇರುತ್ತದೆ. ಆ 312 ರೂಪಾಯಿಯ ಬಗ್ಗೆ ಮಹಾಸಭೆಯಲ್ಲಿ ಒಂದೂವರೆ ಗಂಟೆ ಜಗಳವಾದದ್ದನ್ನು ನಾನೇ ಕಂಡಿದ್ದೇನೆ. ಬ್ರಹ್ಮಕಲಶದ ಹೊರೆಕಾಣಿಕೆಯಲ್ಲಿ ಬಂದ ತೆಂಗಿನಕಾಯಿಯನ್ನು ಎಣಿಸಿ ಬರೆದಿಡುವ ಜನ ನಾವು. ಇದೇ ಸಮಿತಿಗಳಲ್ಲಿ ಕುಳಿತು ಪೈಸೆ ಪೈಸೆ ಕೇಳುವವರು ಪಕ್ಷದ ಕಚೇರಿಗೆ ಹೋದಾಗ ಮಾತ್ರ ಮೂಕರಾಗುವುದೇಕೆ? 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಗೆ ಒಳಪಡುತ್ತವೆಂದು ಆದೇಶಿಸಿತು. 2015ರಲ್ಲಿ ಅದೇ ಆಯೋಗ, ಆದೇಶವನ್ನು ಪಕ್ಷಗಳು ಪಾಲಿಸಿಲ್ಲ, ಪಾಲಿಸುವಂತೆ ಮಾಡುವ ಅಧಿಕಾರ ತನಗಿಲ್ಲ ಎಂದು ಕೈಚೆಲ್ಲಿತು. ಸದನದಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳು ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ, ಐದು ನಿಮಿಷ ಎಂದು. ಸಮೀಕ್ಷಾಶಾಸ್ತ್ರದ ಬಗ್ಗೆ ನಾಲ್ಕು ಪುಟ ಬರೆದು ತಂದಿದ್ದೆ, ಓಡಿಸುತ್ತೇನೆ.

ಸರಿಯಾಗಿ, ಯಾರ ಒಲವೂ ಇಲ್ಲದೆ ಆರಿಸಿದ ಸಾವಿರ ಜನರನ್ನು ಕೇಳಿದರೆ ಮೂರು ಶೇಕಡಾ ಆಚೀಚೆಯೊಳಗೆ ಇಡೀ ರಾಜ್ಯದ ಒಲವನ್ನು ಹೇಳಬಹುದು. ತಪ್ಪಾಗಿ ಆರಿಸಿದರೆ ಲಕ್ಷಗಟ್ಟಲೆ ಜನರನ್ನು ಕೇಳಿಯೂ ಉಪಯೋಗವಿಲ್ಲ. 1936ರಲ್ಲಿ ಅಮೆರಿಕದ ಒಂದು ವಾರಪತ್ರಿಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ ರೂಸ್ವೆಲ್ಟ್ ಸೋಲುತ್ತಾರೆ ಎಂದಿತು, ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಇನ್ನು, ರಾಜ್ಯದ ಒಲವು ತಿಳಿದರೂ ಕ್ಷೇತ್ರದ ಫಲಿತಾಂಶ ತಿಳಿಯುವುದಿಲ್ಲ. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಗೆಲುವಿನ ಅಂತರ ಒಂದು ಮತ, 2023ರಲ್ಲಿ ಜಯನಗರದಲ್ಲಿ ಹದಿನಾರು. ಯಾವ ಟ್ಯಾಬಿಗೆ ಅದು ಸಿಕ್ಕೀತು?

ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತದ ಮತದಾನ ಮುಗಿಯುವವರೆಗೆ ಪ್ರಕಟಿಸಬಾರದೆಂಬ, ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಮು ಒಳ್ಳೆಯದು, ಆದರೆ ಸಾಲದು. 2024ರ ಜೂನ್ 1ರ ಸಂಜೆ ಬಹುತೇಕ ಸಮೀಕ್ಷೆಗಳು ಆಳುವ ಮೈತ್ರಿಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟವು, ಬಂದದ್ದು 293. ನಡುವೆ ಜೂನ್ 3ರಂದು ಷೇರುಪೇಟೆ ಏರಿತು, 4ರಂದು ಸೆನ್ಸೆಕ್ಸ್ 4,300 ಅಂಶಕ್ಕೂ ಹೆಚ್ಚು ಕುಸಿಯಿತು. ನಮ್ಮ ಓಣಿಯಲ್ಲೇ ಒಬ್ಬರು ಮಗಳ ಮದುವೆಗಿಟ್ಟ ಹಣ ಹಾಕಿದ್ದರು. ಅವರ ಬಳಿ ಯಾವ ಸಮೀಕ್ಷಕರೂ ಬಂದು ವಿಷಾದಿಸಲಿಲ್ಲ.

ಪ್ರತಿ ಸಮೀಕ್ಷೆಯ ಜೊತೆ ಹಣ ಕೊಟ್ಟವರ ಹೆಸರು, ಕೇಳಿದ ಪ್ರಶ್ನೆಗಳ ಪೂರ್ಣ ಪಾಠ, ಎಷ್ಟು ಜನರನ್ನು ಎಲ್ಲಿ ಕೇಳಿದರು ಎಂಬುದು ಅಚ್ಚಾಗಬೇಕು ಎಂಬುದರ ಬಗ್ಗೆ ಒಂದು ಪುಟ ಉಳಿದಿದೆ, ನಮ್ಮ ದೂರವಾಣಿ ಸಂಖ್ಯೆ ಟ್ಯಾಬಿನಿಂದ ಪಕ್ಷಕ್ಕೆ ಹೇಗೆ ಹೋಯಿತು ಎಂಬುದರ ಬಗ್ಗೆ ಇನ್ನೊಂದು. ಎರಡನೇ ಚೀಟಿಯೂ ಬಂದಿರುವುದರಿಂದ ಅವುಗಳನ್ನು ಮಡಚಿ ಕಿಸೆಗೆ ಹಾಕುತ್ತಿದ್ದೇನೆ. ಈಗ ನಿಮ್ಮ ಪ್ರಶ್ನೆಗಳು. ಬಾವಿ ಈಗ ಹೇಗಿದೆ ಎಂದು ಕೇಳಬೇಕೆಂದಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಜನವರಿಯಾದ್ದರಿಂದ ಸದ್ಯ ಸಿಹಿ ಉಂಟು.